ಗೋಡೆಯ ಬಣ್ಣವೂ ಪರಿಮಾಣ ವ್ರತವೂ



ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ ಇಷ್ಟು, ಬಂಗಾರ ಇಷ್ಟು, ದನಕರು ಇಷ್ಟು, ಮನೆ ಒಂದು ಎಂದು ತನ್ನ ಮಿತಿಯನ್ನು ಹೇಳಿಕೊಳ್ಳುತ್ತಾನೆ. ಆ ಒಂದೇ ಮನೆಯ ಒಂದೇ ಗೋಡೆಗೆ ಎಷ್ಟು ಹಣ ಸುರಿಯಬಹುದು ಎಂಬ ಪ್ರಶ್ನೆ ಹಿಂದಿನವರಿಗೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಗೋಡೆಗೆ ಹಚ್ಚುವುದೆಂದರೆ ಸುಣ್ಣ. ಕೆಳಗೆ ಮೊಳದೆತ್ತರ ಕೆಮ್ಮಣ್ಣು. ಉಳ್ಳವರ ಮನೆಯಾದರೆ ಸುಣ್ಣದಲ್ಲಿ ಒಂದಿಷ್ಟು ನೀಲಿ. ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆಯಲ್ಲಿ ಬಣ್ಣದ ಅಂಗಡಿಯ ಮೆಟ್ಟಿಲು ಹತ್ತಿದವನ ಕೈಗೆ ನೂರಾರು ಛಾಯೆಗಳ ಪುಸ್ತಕ ಬರುತ್ತದೆ. ರೇಷ್ಮೆಯಂತೆ ಕಾಣುವ ಗೋಡೆ, ಅಮೃತಶಿಲೆಯಂತೆ ಕಾಣುವ ಗೋಡೆ, ಮುತ್ತಿನ ಹೊಳಪಿನ ಗೋಡೆ. ತುಕ್ಕು ಹಿಡಿದ ಕಬ್ಬಿಣದಂತೆ ಕಾಣುವ ಗೋಡೆಯೂ ಉಂಟು. ಮನೆಯ ತುಕ್ಕನ್ನು ತಿಕ್ಕಿ ತೆಗೆಯುತ್ತಿದ್ದವರು ಈಗ ಹಣ ಕೊಟ್ಟು ತುಕ್ಕನ್ನು ಬರೆಸಿಕೊಳ್ಳುತ್ತಾರೆ! ಇವಕ್ಕೆ ಡಿಸೈನರ್ ಬಣ್ಣಗಳೆಂದು ಹೆಸರು. ಸಾದಾ ಬಣ್ಣಕ್ಕಿಂತ ಇವುಗಳ ವೆಚ್ಚ ಹಲವು ಪಟ್ಟು.

ಮಗಳ ಲಗ್ನ ಗೊತ್ತಾದ ಮನೆಯಲ್ಲಿ ಈ ಪ್ರಶ್ನೆಯು ಬರಿಯ ಮಾತಾಗಿ ಉಳಿಯುವುದಿಲ್ಲ. ಬೀಗರು ಬಂದು ಕುಳಿತುಕೊಳ್ಳುವುದು ಪಡಸಾಲೆಯಲ್ಲಿ. ಅವರ ಕಣ್ಣಿಗೆ ಮೊದಲು ಬೀಳುವುದು ಎದುರಿನ ಗೋಡೆ. ಬಂಗಾರಕ್ಕೆ, ಬಟ್ಟೆಗೆ, ಊಟಕ್ಕೆ ಆಗಲೇ ಸಾಲ ಎತ್ತಿರುವ ಗೃಹಸ್ಥನು ಗೋಡೆಗಾಗಿ ಇನ್ನೊಮ್ಮೆ ಸೊಸೈಟಿಯ ಬಾಗಿಲಿಗೆ ಹೋಗುತ್ತಾನೆ. ಮಗನು ಬೇಕೆನ್ನುತ್ತಾನೆ, ಅಜ್ಜನು ಸುಣ್ಣವೇ ಸಾಕೆನ್ನುತ್ತಾನೆ, ಮನೆಯಾಕೆ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾಳೆ. ಇಂಥ ಮನೆಗೆ “ಎಲ್ಲವೂ ಪುದ್ಗಲ, ಬಿಟ್ಟುಬಿಡಿರಿ” ಎಂದು ಹೇಳಿ ಹೊರಟುಹೋದರೆ ಉಪಕಾರವಾಗದು. ಅದು ಮುನಿಗಳಿಗೆ ಒಪ್ಪುವ ಮಾತು. ಗೃಹಸ್ಥನಿಗೆ ಗೋಡೆಯಿದೆ, ಗೋಡೆಗೆ ಮಳೆಯಿದೆ. ಅವನಿಗೆ ಬೇಕಾದುದು ವಿವೇಕದ ಅಳತೆ.

ಆ ಅಳತೆಯು ಶಾಸ್ತ್ರದಲ್ಲಿದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗವನ್ನೂ ಉಪಭೋಗವನ್ನೂ ಬೇರೆಬೇರೆಯಾಗಿ ತಿಳಿಸಿದ್ದಾರೆ. ಒಮ್ಮೆ ಅನುಭವಿಸಿದ ಮೇಲೆ ತೀರಿಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರ, ಆಭರಣ ಮೊದಲಾದುವು ಉಪಭೋಗ. ಗೋಡೆಯ ಬಣ್ಣವು ಯಾವ ಪಂಕ್ತಿಗೆ ಸೇರತಕ್ಕದ್ದು? ಹತ್ತು ವರ್ಷ ಗೋಡೆಯ ಮೇಲೆ ನಿಲ್ಲಬಲ್ಲ ಬಣ್ಣವು ನಿಸ್ಸಂದೇಹವಾಗಿ ಉಪಭೋಗ. ಆದರೆ ಡಿಸೈನರ್ ಬಣ್ಣದ ಸ್ವಭಾವ ವಿಚಿತ್ರ. ಅದು ಗೋಡೆಯಲ್ಲಿ ಹಳತಾಗುವ ಮೊದಲೇ ಮನಸ್ಸಿನಲ್ಲಿ ಹಳತಾಗುತ್ತದೆ. ಮೂರನೆಯ ವರ್ಷಕ್ಕೆ ನೆರೆಮನೆಯಲ್ಲಿ ಬೇರೊಂದು ಬಗೆ ಬಂದಿರುತ್ತದೆ. ಆಗ ಗಟ್ಟಿಯಾಗಿರುವ ಬಣ್ಣವನ್ನೇ ಕೆರೆದು ಹೊಸದನ್ನು ಹಚ್ಚಿಸುವ ಇಚ್ಛೆ. ಉಪಭೋಗದ ಬೆಲೆ ಕೊಟ್ಟು ಕೊಂಡ ವಸ್ತುವನ್ನು ಭೋಗದಂತೆ ಉಂಡು ಎಸೆಯುವುದೆಂದರೆ ಇದೇ. ದುಬಾರಿ ಬಣ್ಣದಲ್ಲಿ ಶ್ರಾವಕನಿಗೆ ಆಗುವ ನಿಜವಾದ ನಷ್ಟವು ಡಬ್ಬಿಯ ಮೇಲಿನ ಬೆಲೆಯಲ್ಲಿಲ್ಲ, ಈ ಅವಸರದಲ್ಲಿದೆ.

ಪರಿಗ್ರಹ ಪರಿಮಾಣಕ್ಕೆ ಅದೇ ಆಚಾರ್ಯರು ಹೇಳಿರುವ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ಐಶ್ವರ್ಯವನ್ನು ಕಂಡು ಬೆರಗಾಗುವುದು ಎಂದು ಅದಕ್ಕೆ ಅರ್ಥ ಹೇಳುವ ರೂಢಿಯಿದೆ. ಹಣ ಖರ್ಚಾಗಲಿಲ್ಲ, ವಸ್ತು ಮನೆಗೆ ಬರಲಿಲ್ಲ. ಕೇವಲ ಬೆರಗಾದುದಕ್ಕೆ ಅತಿಚಾರವೇ ಎಂದು ಕೆಲವರು ಕೇಳುತ್ತಾರೆ. ಇನ್ನೊಬ್ಬರ ಪಡಸಾಲೆಯಲ್ಲಿ ಕುಳಿತು ಗೋಡೆಯನ್ನು ನೋಡಿ ಬಂದ ರಾತ್ರಿ ನಿದ್ರೆ ಬಾರದೆ ಹೊರಳಾಡಿದವರಿಗೆ ಉತ್ತರ ತಿಳಿದಿದೆ. ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಅತಿಪ್ರಸಾಧನವೆಂಬುದೂ ಸೇರಿದೆ: ಪ್ರಯೋಜನಕ್ಕೆ ಮೀರಿದ ಭೋಗೋಪಭೋಗ ಸಾಧನಗಳ ಸಂಗ್ರಹ. ಇಲ್ಲಿ ಪ್ರಯೋಜನಕ್ಕೆ ಮೀರಿದ ಎಂಬ ಮಾತಿಗೆ ಒತ್ತು ಕೊಡಬೇಕು. ಶಾಸ್ತ್ರವು ಬೆಲೆಯನ್ನು ನಿಂದಿಸಿಲ್ಲ. ಆದುದರಿಂದ ಮೊದಲು ತಿಳಿಯಬೇಕಾದುದು ಬಣ್ಣದ ಪ್ರಯೋಜನವೇನು ಎಂಬುದು.

ಸುಣ್ಣದಿಂದ ಆರಂಭಿಸೋಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ತಿಳಿಯಾಗಿ ಗೋಡೆಗೆ ಹಚ್ಚಿದಾಗ ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ತಿರುಗಿ ಕಲ್ಲಾಗುತ್ತದೆ. ಪೊರೆಯು ತೆಳುವಾದರೂ ಗೋಡೆಯ ಒಳಗಿನ ತೇವವು ಅದರ ಮೂಲಕ ಹೊರಬೀಳಬಲ್ಲದು. ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆಯ ಹಳೆಯ ಮನೆಗಳಿಗೆ ಇದಕ್ಕಿಂತ ಯೋಗ್ಯವಾದುದು ಇಲ್ಲ. ಅಂಥ ಗೋಡೆಗೆ ಹೊಳೆಯುವ ದುಬಾರಿ ಬಣ್ಣ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಯೆದ್ದು ಹಪ್ಪಳದಂತೆ ಉದುರುತ್ತದೆ. ಅಜ್ಜನ ಮಾತು ಹಳೆಯ ಮನೆಯ ಮಟ್ಟಿಗೆ ಸರಿಯೇ.

ಸಿಮೆಂಟಿನ ಗಿಲಾವು ಮಾಡಿದ ಹೊಸ ಮನೆಯ ಲೆಕ್ಕ ಬೇರೆ. ಅಲ್ಲಿ ಎಮಲ್ಶನ್ ಬಣ್ಣವು ತಾಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲೂ ಬರುತ್ತದೆ. ಅಗ್ಗದ ಬಣ್ಣಕ್ಕೂ ಉತ್ತಮ ಬಣ್ಣಕ್ಕೂ ಇರುವ ವ್ಯತ್ಯಾಸವು ಪೂರಾ ಮೋಸವೇನೂ ಅಲ್ಲ. ಅಗ್ಗದ್ದರಲ್ಲಿ ಸೀಮೆಸುಣ್ಣದ ಪುಡಿಯಂಥ ತುಂಬುವ ಪದಾರ್ಥ ಹೆಚ್ಚು, ಬಣ್ಣವನ್ನು ಗೋಡೆಗೆ ಹಿಡಿದಿಡುವ ಅಂಟು ಕಡಿಮೆ. ಅದಕ್ಕಾಗಿಯೇ ಕೈಯಿಂದ ಸವರಿದರೆ ಪುಡಿ ಹತ್ತುತ್ತದೆ. ಉತ್ತಮವಾದುದರಲ್ಲಿ ಅಂಟು ಹೆಚ್ಚು, ಮುಚ್ಚುವ ಶಕ್ತಿ ಕೊಡುವ ಟೈಟಾನಿಯಂ ಡೈ ಆಕ್ಸೈಡ್ ಎಂಬ ಬಿಳುಪು ಹೆಚ್ಚು. ಇಲ್ಲಿಯವರೆಗೆ ಕೊಟ್ಟ ಹಣಕ್ಕೆ ಗೋಡೆಯ ಮೇಲೆ ಪ್ರತಿಫಲವುಂಟು. ಅದರಿಂದ ಮುಂದೆ, ಡಿಸೈನರ್ ಬಣ್ಣವೆಂದು ಕೊಡುವ ಹೆಚ್ಚಿನ ಹಣವು ಹೋಗುವುದು ಮಿಂಚಿಗಾಗಿ ಸೇರಿಸಿದ ಅಭ್ರಕದ ಚೂರುಗಳಿಗೆ, ಸ್ಪಂಜು ಕರಣೆಗಳಿಂದ ಚಿತ್ತಾರ ಎಬ್ಬಿಸುವ ಕೆಲಸಗಾರನ ಕೂಲಿಗೆ ಮತ್ತು ಹೆಸರಿಗೆ. ಕೂಲಿ ಕೆಲಸಗಾರನ ಹೊಟ್ಟೆಗೆ ಸೇರುತ್ತದೆ, ಅದನ್ನು ಹಳಿಯಬೇಕಾಗಿಲ್ಲ. ಆದರೆ ಈ ಹೆಚ್ಚಿನ ಹಣದಿಂದ ಗೋಡೆಯ ಆಯುಷ್ಯವು ಹೆಚ್ಚುವುದಿಲ್ಲ. ಸೋರುವ ಮಾಳಿಗೆಯ ಕೆಳಗೆ ಮುತ್ತಿನ ಹೊಳಪೂ ಒಂದೇ, ಸುಣ್ಣವೂ ಒಂದೇ. ಇನ್ನೊಂದು ತೊಂದರೆಯೂ ಇದೆ: ಸಾದಾ ಗೋಡೆಯಲ್ಲಿ ಮೊಳೆ ಹೊಡೆದ ತೂತಿಗೆ ಅಷ್ಟರ ಮಟ್ಟಿಗೆ ತೇಪೆ ಹಾಕಬಹುದು, ಚಿತ್ತಾರದ ಗೋಡೆಯಲ್ಲಿ ತೇಪೆ ಎದ್ದು ಕಾಣುವುದರಿಂದ ಇಡೀ ಗೋಡೆಯನ್ನೇ ಮತ್ತೆ ಮಾಡಿಸಬೇಕಾಗುತ್ತದೆ.

ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದರೆ ಮನಸ್ಸು ಶಾಂತವಾಗುತ್ತದೆ. ಪಡಸಾಲೆಯ ಎದುರಿನ ಗೋಡೆಯು 12 ಅಡಿ ಉದ್ದ, 10 ಅಡಿ ಎತ್ತರ ಎಂದರೆ 120 ಚದರ ಅಡಿ. ದರಗಳು ಊರೂರಿಗೆ ಬೇರೆಯಾದರೂ ಲೆಕ್ಕಕ್ಕಾಗಿ ಕೂಲಿಸಹಿತ ಒಳ್ಳೆಯ ಸಾದಾ ಬಣ್ಣಕ್ಕೆ ಚದರ ಅಡಿಗೆ 20 ರೂಪಾಯಿ, ಚಿತ್ತಾರದ ಬಣ್ಣಕ್ಕೆ 80 ರೂಪಾಯಿ ಎಂದು ಹಿಡಿಯೋಣ. ಮೊದಲನೆಯದು 2,400 ರೂಪಾಯಿ, ಎರಡನೆಯದು 9,600. ಸಾದಾ ಬಣ್ಣವನ್ನು ಆರು ವರ್ಷ ಇಟ್ಟುಕೊಂಡರೆ ವರ್ಷಕ್ಕೆ 400 ರೂಪಾಯಿ ಬಿದ್ದಿತು. ಚಿತ್ತಾರದ್ದನ್ನು ಮೂರು ವರ್ಷಕ್ಕೆ ಬೇಸರವಾಗಿ ತೆಗೆಸಿದರೆ ವರ್ಷಕ್ಕೆ 3,200. ಎಂಟು ಪಟ್ಟು! ಸಾಲದ ಹಣವಾದರೆ ಬಡ್ಡಿ ಬೇರೆ. ಬೀಗರು ಆ ಗೋಡೆಯನ್ನು ನೋಡುವುದು ಒಂದು ಮಧ್ಯಾಹ್ನ. ಮನೆಯವರು ಒಂದು ತಿಂಗಳು ನೋಡುತ್ತಾರೆ. ಆಮೇಲೆ ಕಣ್ಣಿಗೆ ರೂಢಿಯಾಗಿ ಗೋಡೆಯೇ ಕಾಣದಂತಾಗುತ್ತದೆ.

ಗೋಡೆಯ ಚೆಲುವು ಬಣ್ಣದಿಂದಲೇ ಬರುತ್ತದೆಂಬ ಮಾತನ್ನು ಈ ಸೀಮೆಯವರಂತೂ ಸುಲಭವಾಗಿ ನಂಬಬೇಕಾಗಿಲ್ಲ. ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ಗುಡಿಯಿದೆ. ಗೋವೆಯ ಕದಂಬ ಅರಸ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದುದು. ಇಂದು ಅಲ್ಲಿ ಕಾಣುವುದು ಬರಿಯ ಕಲ್ಲು; ಆದರೂ ನೋಡಿದವರ ಕಣ್ಣು ತಣಿಯುತ್ತದೆ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯೂ ಹಾಗೆಯೇ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಆ ಬಸದಿಯ ಭುವನೇಶ್ವರಿಯಲ್ಲಿ ಕಲ್ಲಿನ ಕಮಲವು ಅರಳಿ ನಿಂತಿದೆ. ರಾಣಿಯಾಗಲಿ ಮಂತ್ರಿಯಾಗಲಿ ಕಡಿಮೆ ವೆಚ್ಚ ಮಾಡಿದವರಲ್ಲ. ಅವರ ಹಣವು ಕಲ್ಲಿನೊಳಗೆ ಇಳಿಯಿತು, ಆದುದರಿಂದ ಎಂಟು ಶತಮಾನ ನಿಂತಿತು. ಬಣ್ಣವನ್ನೇ ಧರ್ಮವು ದೂರವಿಟ್ಟಿತೆಂದೂ ತಿಳಿಯಬಾರದು. ಶ್ರವಣಬೆಳಗೊಳದ ಜೈನ ಮಠದ ಗೋಡೆಗಳಲ್ಲಿ ತೀರ್ಥಂಕರರ ಚರಿತೆಯ ವರ್ಣಚಿತ್ರಗಳಿವೆ. ಅಲ್ಲಿ ಬಣ್ಣವು ಅಕ್ಷರ ಬಾರದವನಿಗೂ ಪುರಾಣವನ್ನು ಓದಿ ಹೇಳುತ್ತದೆ. ಅನೇಕ ಬಸದಿಗಳಲ್ಲಿ ನೇರಳೆ ಮರದ ಕೆಳಗೆ ನಿಂತ ಆರು ಜನರ ಲೇಶ್ಯಾಚಿತ್ರವನ್ನು ಎಲ್ಲರೂ ಕಂಡಿದ್ದಾರೆ: ಒಬ್ಬನು ಹಣ್ಣಿಗಾಗಿ ಮರವನ್ನೇ ಬುಡಸಹಿತ ಕಡಿಯಲು ಹೊರಟಿದ್ದಾನೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆಯುತ್ತಿದ್ದಾನೆ. ಅಂಗಡಿಯ ಪುಸ್ತಕದಲ್ಲಿ ಛಾಯೆಗಳು ಸಾವಿರವಿರಬಹುದು. ಆಗಮದಲ್ಲಿ ಕೃಷ್ಣದಿಂದ ಶುಕ್ಲದವರೆಗೆ ಆರೇ.

ಇನ್ನು ಅಹಿಂಸೆಯ ವಿಚಾರ. ಬೆಲೆಯ ಮಾತಿನಲ್ಲಿ ಇದು ಮರೆತುಹೋಗುತ್ತದೆ, ಆದರೆ ಶ್ರಾವಕನಿಗೆ ಇದೇ ಮುಖ್ಯ. ಬಣ್ಣ ಹಚ್ಚುವ ಕುಂಚದ ಕೂದಲು ಬಹಳ ಸಲ ಹಂದಿಯದು. ದೇವರ ಕೋಣೆಗೂ ಅದೇ ಕುಂಚ ಆಡುತ್ತದೆಂಬುದು ಎಷ್ಟು ಮನೆಗಳಿಗೆ ಗೊತ್ತು? ನೈಲಾನಿನ ಕುಂಚ, ನಾರಿನ ಕುಂಚ, ಕೃತಕ ನೂಲಿನ ರೋಲರುಗಳು ದೊರೆಯುತ್ತವೆ. ಪೇಂಟರನಿಗೆ ಮೊದಲೇ ಹೇಳಿ, ಬೇಕಾದರೆ ತಾವೇ ಕೊಂಡು ಕೊಡತಕ್ಕದ್ದು. ನೀರಿನಲ್ಲಿ ಕಲಸುವ ಹಳೆಯ ಪುಡಿ ಡಿಸ್ಟೆಂಪರಿನಲ್ಲಿ ಚರ್ಮ ಎಲುಬುಗಳಿಂದ ತೆಗೆದ ಸರೇಸು ಇರುತ್ತಿತ್ತು. ಪುಡಿಯ ಬಣ್ಣ ಕೊಳ್ಳುವವರು ಅಂಟು ಯಾವುದೆಂದು ಕೇಳಬೇಕು. ಬಾಗಿಲಿಗೆ ಹಚ್ಚುವ ಪಾಲಿಶಿನಲ್ಲಿ ಅರಗು ಇರುವುದುಂಟು. ಅರಗು ಕೀಟದಿಂದ ಬರುವ ಪದಾರ್ಥ. ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಬಿಡಬೇಕಾದ ಕ್ರೂರ ವ್ಯಾಪಾರಗಳ ಸಾಲಿನಲ್ಲಿ ಅರಗಿನ ವ್ಯಾಪಾರವನ್ನೂ ಎಣಿಸಿದ್ದಾರೆ. ಡಬ್ಬಿಯ ಬೆಲೆ ಎಷ್ಟು ಎಂದು ಹತ್ತು ಸಲ ಕೇಳುವವರು ಒಳಗೇನಿದೆ ಎಂದು ಒಮ್ಮೆ ಕೇಳಿದರೂ ಸಾಕು.

ಗೋಡೆ ಕೆರೆಯುವ ದಿನ ಜೇಡ, ಇರುವೆ, ಕಣಜದ ಗೂಡು, ಹಲ್ಲಿಯ ಮೊಟ್ಟೆ ಇವುಗಳ ಗತಿ ಏನಾಗುತ್ತದೆಂದು ಎಲ್ಲರೂ ಬಲ್ಲರು. ಇದು ಗೃಹಸ್ಥನಿಗೆ ತಪ್ಪದ ಆರಂಭಹಿಂಸೆ. ತಪ್ಪದೆಂದ ಮೇಲೆ ಕಡಿಮೆ ಮಾಡುವುದು ಧರ್ಮ. ಆರು ವರ್ಷಕ್ಕೊಮ್ಮೆ ಕೆರೆಯುವ ಗೋಡೆಗೂ ಎರಡು ವರ್ಷಕ್ಕೊಮ್ಮೆ ಕೆರೆಯುವ ಗೋಡೆಗೂ ಅಂತರವಿದೆ. ಈ ಕಾರಣದಿಂದ ತೀರ ಅಗ್ಗದ, ಬೇಗ ಉದುರುವ ಬಣ್ಣವನ್ನು ಮಿತವ್ಯಯವೆಂದು ಹೊಗಳುವುದೂ ಸರಿಯಲ್ಲ. ಬಾಳಿಕೆ ಬರುವ ಸಾದಾ ಬಣ್ಣಕ್ಕೆ ತುಸು ಹೆಚ್ಚು ಕೊಟ್ಟರೆ ವ್ರತಕ್ಕೆ ಭಂಗವಿಲ್ಲ. ದೀಪಾವಳಿಗೆ ಮುಂಚೆ, ಮಹಾವೀರ ಸ್ವಾಮಿಗಳ ನಿರ್ವಾಣೋತ್ಸವದ ನೆಪದಲ್ಲಿ ಗೋಡೆ ಕೆರೆಸುವ ರೂಢಿಯನ್ನೂ ವಿಚಾರಿಸಬೇಕು. ಮಳೆಗಾಲದ ಬೆನ್ನಿಗೆ ಗೋಡೆಯಲ್ಲಿ ಜೀವರಾಶಿ ಹೆಚ್ಚು, ತೇವವೂ ಹೆಚ್ಚು. ಬೇಸಿಗೆಯೇ ಲೇಸು. ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜಿಸಕೂಡದು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರಕಾರದ ನಿಯಮವು ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು, ಅದು ಮಕ್ಕಳಿಗೆ ವಿಷ. ಒದ್ದೆ ಮಾಡಿ ಉಜ್ಜಿಸಬೇಕು, ಮಕ್ಕಳನ್ನು ದೂರವಿಡಬೇಕು.

ಕಡಿಮೆ ಬೆಲೆಗೆ ದಾರಿಯೇ ಇಲ್ಲವೆಂಬ ಮಾತೂ ನಿಜವಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಜನವರಿಯಲ್ಲಿ ಆಕಳ ಸಗಣಿಯಿಂದ ತಯಾರಿಸಿದ ಬಣ್ಣವನ್ನು ಹೊರತಂದಾಗ ಲೀಟರಿಗೆ ಡಿಸ್ಟೆಂಪರಿಗೆ 120 ರೂಪಾಯಿ, ಎಮಲ್ಶನ್ನಿಗೆ 225 ರೂಪಾಯಿ ಎಂದು ಬೆಲೆಯಿಟ್ಟಿತು. ಅಜ್ಜಿಯರು ಸಗಣಿಯಿಂದ ಸಾರಿಸುತ್ತಿದ್ದುದು ಡಬ್ಬಿಯೊಳಗೆ ಕುಳಿತು ಮರಳಿ ಬಂದಿತು.

ಹಾಗಾದರೆ ಲಗ್ನದ ಮನೆಯ ಯಜಮಾನನು ಏನು ಮಾಡಬೇಕು? ಭೋಗೋಪಭೋಗಗಳ ತ್ಯಾಗವನ್ನು ಆಚಾರ್ಯರು ಯಮ, ನಿಯಮ ಎಂದು ಎರಡು ಬಗೆಯಾಗಿ ಹೇಳಿದ್ದಾರೆ. ಜೀವಾವಧಿಯದು ಯಮ, ಕಾಲಮಿತಿಯದು ನಿಯಮ. ಗೋಡೆಯ ವಿಷಯಕ್ಕೆ ನಿಯಮ ಸಾಕು. ಅಂಗಡಿಯ ಪುಸ್ತಕವನ್ನು ತೆರೆಯುವ ಮೊದಲು, ಮನೆಯ ಹೆಂಗಸರನ್ನೂ ಕೂಡಿಸಿಕೊಂಡು, ಬಣ್ಣಕ್ಕೆ ಇಷ್ಟೇ ಹಣ, ಇಷ್ಟು ವರ್ಷ ಇದನ್ನು ಬದಲಿಸುವುದಿಲ್ಲ, ಇದಕ್ಕಾಗಿ ಸಾಲ ಎತ್ತುವುದಿಲ್ಲ ಎಂದು ಬರೆದಿಡಬೇಕು. ಪುಸ್ತಕವನ್ನು ನೋಡಿದ ಮೇಲೆ ಹಾಕಿಕೊಂಡ ಮಿತಿಯು ಮಿತಿಯಲ್ಲ, ಆಸೆಗೆ ಬರೆದುಕೊಟ್ಟ ರಸೀದಿ. ಬರೆದ ಮೊತ್ತದಲ್ಲಿ ಮೊದಲ ಪಾಲು ಮಾಳಿಗೆಯ ಸೋರಿಕೆಗೆ, ಎರಡನೆಯದು ಗಿಲಾವಿನ ಬಿರುಕಿಗೆ ಮತ್ತು ಪುಟ್ಟಿಗೆ, ಉಳಿದುದು ಬಣ್ಣಕ್ಕೆ. ಆ ಉಳಿದ ಹಣದಲ್ಲಿಯೇ ಚಿತ್ತಾರದ ಒಂದು ಗೋಡೆಯೂ ಕೂಡಿಬಂದು, ಅದನ್ನು ಹೇಳಿದಷ್ಟು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, ಮಗನ ಆಸೆಯನ್ನು ಮುರಿಯಬೇಕಾದುದಿಲ್ಲ. ಕೂಡಿಬಾರದಿದ್ದರೆ ತಿಳಿಯಾದ ಒಂದು ಬಣ್ಣದ ಶುಭ್ರ ಗೋಡೆಯ ಮುಂದೆ ಬೀಗರನ್ನು ಕೂಡ್ರಿಸಲು ಯಾವ ಸಂಕೋಚವೂ ಬೇಡ. ಹೊಸ ಗಿಲಾವು ಚೆನ್ನಾಗಿ ಆರುವ ಮೊದಲು ಯಾವ ಬಣ್ಣವೂ ಹಿಡಿಯದು. ಲಗ್ನವು ವೈಶಾಖದಲ್ಲಿದ್ದರೆ ಗಿಲಾವಿನ ಕೆಲಸವನ್ನು ಮಾಘದಲ್ಲಿಯೇ ಹಿಡಿಯಬೇಕು.