ಪುಸ್ತಕ ಮುಚ್ಚಿದ ಮೇಲಿನ ಓದು

ಸೆಮಿಸ್ಟರ್ ಪರೀಕ್ಷೆಯ ದಿನ ಯಾವ ಪದವಿ ಕಾಲೇಜಿಗೆ ಹೋದರೂ, ಬೆಲ್ ಹೊಡೆಯುವ ಮುಂಚಿನ ಅರ್ಧ ತಾಸು ಒಂದೇ ತರ ಇರುತ್ತದೆ. ಮೆಟ್ಟಿಲ ಮೇಲೆ, ಗೋಡೆಗೊರಗಿಕೊಂಡು, ನಿಲ್ಲಿಸಿದ ಬೈಕಿನ ಮೇಲೆ ಕೂತು ಹುಡುಗ ಹುಡುಗಿಯರು ಜೆರಾಕ್ಸ್ ನೋಟ್ಸ್ ಹಿಡಿದು ತುಟಿ ಅಲ್ಲಾಡಿಸುತ್ತಿರುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬ ಬಂದು, ‘ಮೂರನೇ ಯೂನಿಟ್‌ನ ಆ ಹತ್ತು ಮಾರ್ಕ್ಸಿನ ಪ್ರಶ್ನೆ ಬಂದೇ ಬರುತ್ತಂತೆ ಕಣೋ’ ಅನ್ನುತ್ತಾನೆ. ಆ ಪುಟವನ್ನು ಬಿಟ್ಟು ಬಂದವರ ಮುಖ ಬಿಳಿಚಿಕೊಳ್ಳುತ್ತದೆ. ಒಳಗೆ ಹೋಗಿ ಕೂತು ರಿಜಿಸ್ಟರ್ ನಂಬರ್ ಬರೆಯುವಾಗಲೇ ಒಂದು ಅಂಕಿ ತಪ್ಪಿ, ಏನು ಮಾಡಬೇಕೋ ತಿಳಿಯದೆ ಮೇಲ್ವಿಚಾರಕರ ಕಡೆ ನೋಡುವ ಮಕ್ಕಳಿದ್ದಾರೆ.

‘ಹೆದರಬೇಡ, ಚೆನ್ನಾಗಿ ಬರಿ’ ಎಂದು ಮನೆಯವರೂ ಮೇಷ್ಟ್ರೂ ಹೇಳುತ್ತಾರೆ. ಆ ಮಾತಿನಿಂದ ಹೆದರಿಕೆ ಹೋದದ್ದನ್ನು ನಾನಂತೂ ಕಂಡಿಲ್ಲ. ಹೆದರಿಕೆಗೆ ಮನೋದೌರ್ಬಲ್ಯ ಕಾರಣ ಎಂದುಕೊಳ್ಳುವುದೂ ಸರಿಯಲ್ಲ. ಬಹಳಷ್ಟು ಸಲ ಅದು ಹುಟ್ಟುವುದು ನಾವು ಓದುವ ಕ್ರಮದಲ್ಲೇ. ತಿಂಗಳುಗಟ್ಟಲೆ ಪುಸ್ತಕ ತೆರೆದಿಟ್ಟುಕೊಂಡು ಓದುತ್ತೇವೆ. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯುವ ಕೆಲಸವನ್ನು ಪರೀಕ್ಷಾ ಕೊಠಡಿಯಲ್ಲೇ ಮೊದಲ ಸಲ ಮಾಡುತ್ತೇವೆ. ಮೊದಲ ಸಲ ಮಾಡುವ ಯಾವ ಕೆಲಸಕ್ಕೆ ಕೈ ನಡುಗುವುದಿಲ್ಲ?

ಇದರ ಪೆಟ್ಟು ಹೆಚ್ಚು ಬೀಳುವುದು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ವಿಜ್ಞಾನಕ್ಕೋ ಇಂಜಿನಿಯರಿಂಗಿಗೋ ಬಂದ ಮಕ್ಕಳ ಮೇಲೆ. ಇಂಗ್ಲಿಷ್ ವಾಕ್ಯಗಳನ್ನು ಅವರು ಉರು ಹೊಡೆಯುತ್ತಾರೆ. ಬೇರೆ ದಾರಿ ಯಾರೂ ತೋರಿಸಿರುವುದಿಲ್ಲ. ಉರು ಹೊಡೆದದ್ದರ ತೊಂದರೆ ಏನೆಂದರೆ, ಎರಡನೇ ಸಾಲಿನ ಒಂದು ಪದ ಕೈಕೊಟ್ಟರೆ ಮುಂದಿನ ಒಂದೂವರೆ ಪುಟವೂ ಅದರ ಜೊತೆಗೇ ಹೋಗುತ್ತದೆ. ಆಸ್ಮಾಸಿಸ್ ಎಂದರೇನೆಂದು ಬರೆಯಲು ಕೂತು ‘ಸೆಮಿಪರ್ಮಿಯಬಲ್’ ಎಂಬಲ್ಲಿ ನಿಂತುಹೋದ ಹುಡುಗಿಯನ್ನು, ಒಣದ್ರಾಕ್ಷಿ ನೀರಲ್ಲಿ ಯಾಕಮ್ಮ ಉಬ್ಬುತ್ತೆ ಎಂದು ಕೇಳಿ ನೋಡಿ. ಸಿಪ್ಪೆಯ ಮೂಲಕ ನೀರು ಒಳಗೆ ಹೋಗುತ್ತದೆ, ಒಳಗಿನ ಸಕ್ಕರೆ ಸುಲಭವಾಗಿ ಹೊರಗೆ ಬರುವುದಿಲ್ಲ ಎಂದು ತಡವರಿಸದೆ ಹೇಳುತ್ತಾಳೆ. ವಿಷಯ ಅವಳಿಗೆ ಗೊತ್ತಿದೆ. ಆದರೆ ಗೊತ್ತಿದೆ ಎಂಬುದೇ ಅವಳಿಗೆ ಗೊತ್ತಿಲ್ಲ! ಇಂಥವರಿಗೆ ನಾನು ಹೇಳುವುದಿಷ್ಟೆ: ಪಾಠವನ್ನು ಮೊದಲು ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ, ನಾಲ್ಕು ಸಾಲು ಬರೆದುಕೊಳ್ಳಿ. ಆಮೇಲೆ ಪಾರಿಭಾಷಿಕ ಪದಗಳನ್ನು ಅದಕ್ಕೆ ಜೋಡಿಸಿ, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ನೀವೇ ಕಟ್ಟಿದ ವಾಕ್ಯ ಮರೆತರೆ ಮತ್ತೆ ಕಟ್ಟಬಹುದು.

ಆಮೇಲೆ ಪುಸ್ತಕ ಮುಚ್ಚಬೇಕು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಓದಿದವರ ನೆನಪಿನಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ‘ನಮಗೆ ಚೆನ್ನಾಗಿ ಬರುತ್ತದೆ’ ಎಂಬ ನಂಬಿಕೆ ಹೆಚ್ಚಾಗಿದ್ದದ್ದು ಮಾತ್ರ ಬರೀ ಓದಿದವರಲ್ಲೇ. ರಾತ್ರಿ ಎಲ್ಲ ಬಂದಂತಿದ್ದು ಬೆಳಿಗ್ಗೆ ತಲೆ ಖಾಲಿಯಾಯಿತು ಎನ್ನುವವರ ಕಥೆ ಇದರಲ್ಲಿದೆ.

ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಅವಧಿ ಕೂತು ಬರೆಯಿರಿ. ಮಧ್ಯೆ ಎಲ್ಲೋ ನೆನಪು ಕೈಕೊಡುತ್ತದೆ. ಆಗ ನೋಟ್ಸ್ ತೆರೆಯಬೇಡಿ. ಹೆದರಿಕೆಯ ಜೊತೆ ಅಲ್ಲೇ ಎರಡು ನಿಮಿಷ ಕೂತು, ಗೊತ್ತಿರುವ ಒಂದು ಪದ, ಒಂದು ಚಿತ್ರ, ಒಂದು ಸೂತ್ರ ಬರೆಯಿರಿ. ಒಂದರ ಹಿಂದೆ ಇನ್ನೊಂದು ಬರಲು ಶುರುವಾಗುವುದನ್ನು ನೀವೇ ಕಾಣುತ್ತೀರಿ. ಮನೆಯಲ್ಲೋ ಹಾಸ್ಟೆಲಿನಲ್ಲೋ ಇದನ್ನು ಕಂಡವರಿಗೆ ಪರೀಕ್ಷೆಯಲ್ಲಿ ಅದೇ ಗಳಿಗೆ ಬಂದಾಗ ಎಲ್ಲ ಮುಗಿದೇಹೋಯಿತು ಅನ್ನಿಸುವುದಿಲ್ಲ.

ಎದೆ ಡವಗುಟ್ಟುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ದೇಹ ಕೆಲಸಕ್ಕೆ ಸಜ್ಜಾಗುತ್ತಿದೆ ಅಷ್ಟೆ. ತೊಂದರೆ ಕೊಡುವುದು ಅದರ ಬೆನ್ನಿಗೆ ಬರುವ ‘ಫೇಲಾದರೆ?’ ಎಂಬ ಯೋಚನೆ. ಲೆಕ್ಕ ಬಿಡಿಸಲು ಬೇಕಾದ ಗಮನವನ್ನು ಅದು ತಿಂದುಹಾಕುತ್ತದೆ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಹಿಂದಿನ ರಾತ್ರಿ ಟೀ ಕುಡಿದು ನೈಟ್‌ಔಟ್ ಮಾಡುವುದನ್ನಂತೂ ಬಿಡಲೇಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಪೇಪರ್ ಮುಗಿದ ಮೇಲೆ ಗೇಟಿನ ಬಳಿ ಉತ್ತರ ತಾಳೆ ನೋಡುವುದರಿಂದ ಮುಂದಿನ ಪೇಪರ್ ಕೆಡುತ್ತದೆ, ಬೇರೇನೂ ಆಗುವುದಿಲ್ಲ.

ಇಷ್ಟೂ ಹೇಳಿದ್ದು ಪರೀಕ್ಷೆಯ ಹೆದರಿಕೆಗೆ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಓದಿನ ಕ್ರಮ ಬದಲಿಸಿಕೊಂಡು ಕೂರುವ ಹೊತ್ತಲ್ಲ ಅದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಬ್ಯಾಕ್‌ಲಾಗ್ ಉಳಿದದ್ದಕ್ಕೆಲ್ಲ ಫೋನ್ ಮಾಡುವುದಾ ಎಂಬ ಸಂಕೋಚ ಬೇಡ. ಅವರು ಕೂತಿರುವುದೇ ಅದನ್ನು ಕೇಳಲು. ಕಾಲೇಜಿನವರು ಪರೀಕ್ಷೆಯ ವೇಳಾಪಟ್ಟಿ ಅಂಟಿಸುವಾಗ ಅದರ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ, ಈ ಐದು ಅಂಕಿಯನ್ನೂ ಅಂಟಿಸಲಿ.