ಇಂದಿನ ಧಮ್ಮ ಚಿಂತನೆ: ತಲೆಗೂದಲೂ ಸ್ವಾಭಿಮಾನವೂ



ಕೂದಲು ಕಸಿ ಮಾಡಿಸಿಕೊಂಡವನು ತನಗೆ ಒಪ್ಪುವ ಕಟಿಂಗ್ ಹುಡುಕುವುದು ತೃಷ್ಣೆಯೋ, ಸ್ವಾಭಿಮಾನವೋ? ನಮ್ಮ ಭಾನುವಾರದ ಅಧ್ಯಯನ ಕೂಟದಲ್ಲಿ ಈ ಪ್ರಶ್ನೆ ಬಂತು. ಬಂದದ್ದು ನನ್ನ ತಲೆಯನ್ನು ನೋಡಿಯೇ. ಕಸಿ ಮಾಡಿಸಿಕೊಂಡು 13 ತಿಂಗಳಾಗಿದೆ. ಹಾಗಾಗಿ ಉತ್ತರ ಹೇಳುವ ಹೊಣೆಯೂ ನನ್ನದೇ.

*ಮೊದಲು ಆಕ್ಷೇಪ.* ದೇಹದ 32 ಭಾಗಗಳ ಧ್ಯಾನ ತಲೆಗೂದಲಿನಿಂದಲೇ ಶುರುವಾಗುತ್ತದೆ. ಚೀವರ ತೊಡುವವರು ಮೊದಲು ಬಿಡುವುದೂ ಅದನ್ನೇ. "ಉದುರುವುದೇ ಸ್ವಭಾವವಾದ ವಸ್ತುವಿಗೆ ಇಷ್ಟು ದುಡ್ಡೇಕೆ? ಒಂದು ಮಗುವಿನ ಫೀಸು ಕಟ್ಟಬಹುದಿತ್ತಲ್ಲ" ಎಂದರು ಹಿರಿಯರೊಬ್ಬರು. ಮಾತು ತೂಕದ್ದೇ. ದಾನದ ಪಾಲನ್ನು ತೆಗೆದು ತಲೆಗೆ ಹಾಕಿದರೆ ಅದು ತಪ್ಪೇ. ಆದರೆ ಭಿಕ್ಷುವಿನ ನಿಯಮ ಉಪಾಸಕನ ನಿಯಮವಲ್ಲ. ವಿನಯದಲ್ಲಿ ಭಿಕ್ಷುವಿನ ಕೂದಲಿಗೆ ಎರಡು ಬೆರಳಗಲ ಅಥವಾ ಎರಡು ತಿಂಗಳು ಎಂಬ ಮಿತಿಯಿದೆ. ನಾವು ಸ್ವೀಕರಿಸಿದ ಪಂಚಶೀಲದಲ್ಲಿ ಕೂದಲಿನ ಅಳತೆ ಇಲ್ಲ. ನಮಗಿರುವ ಅಳತೆಗೋಲು ಮನಸ್ಸು.

*ಎರಡನೆಯದು ನಮ್ಮ ಇತಿಹಾಸ.* ವಿಜಯನಗರದ ಸಲೂನಿನಲ್ಲಿ ಕುರ್ಚಿ ಖಾಲಿಯಾದರೆ ಸಾಕು, ಹೋಗಿ ಕೂರುತ್ತೇನೆ. ಇದು ಎಲ್ಲ ಕಡೆ ಇಷ್ಟು ಸಲೀಸಲ್ಲ. ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕೆ ತಮ್ಮ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದರೆಂದು ಕ್ಷೌರಿಕರೊಬ್ಬರು 2020ರಲ್ಲಿ ದೂರಿದ್ದು ಪತ್ರಿಕೆಗಳಲ್ಲಿ ಬಂತು. ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷೌರದಂಗಡಿಯ ಜಗಳದಲ್ಲಿ ದಲಿತ ಯುವಕನೊಬ್ಬನ ಜೀವವೇ ಹೋಯಿತು. ಕುರ್ಚಿಯಲ್ಲಿ ಕೂತು "ಮುಂದೆ ಇಷ್ಟು ಬಿಡಿ, ಪಕ್ಕದಲ್ಲಿ ಇಷ್ಟು ತೆಗೆಯಿರಿ" ಎನ್ನುವುದು ನಮ್ಮಲ್ಲಿ ಅನೇಕರ ತಾತಂದಿರಿಗೆ ದಕ್ಕದ ಮಾತು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೇನು? ಅಸ್ಪೃಶ್ಯರೆಂದು ಗುರುತಿಸುವಂಥ ಉಡುಗೆ ತೊಡುಗೆ ಬಿಡಿ, ಶುಚಿಯಾಗಿ, ಘನತೆಯಿಂದ ಉಡಿ ಎಂದು. ಚೆನ್ನಾಗಿ ಕಾಣುವುದು ಪಾಪವೆಂದು ನಮಗೆ ಅವರು ಕಲಿಸಲಿಲ್ಲ.

ಹಾಗಾದರೆ ಏನು ಮಾಡಿದರೂ ಸರಿಯೇ? ಇಲ್ಲ. ಇಲ್ಲಿ ಕಸಿಯ ಕೆಲಸವೇ ನಮಗೆ ಪಾಠ ಹೇಳುತ್ತದೆ.

ಕಸಿಯಲ್ಲಿ ಕೂದಲು ಹೊಸದಾಗಿ ಹುಟ್ಟುವುದಿಲ್ಲ, ಜಾಗ ಬದಲಿಸುತ್ತದೆ. ತಲೆಯ ಹಿಂಭಾಗದ ಬೇರುಗಳನ್ನು ತೆಗೆದು ಮುಂದೆ ನೆಡುತ್ತಾರೆ. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರುತ್ತದೆ. ಮೂರ್ನಾಲ್ಕು ತಿಂಗಳ ಮೇಲೆ ಮತ್ತೆ ಮೊಳೆಯುತ್ತದೆ. ಪೂರ್ತಿ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಸ್ಟೈಲಿನ ಮಾತೇ ಬೇಡ, ತಾಳ್ಮೆಯೇ ಕೆಲಸ. ಆಮೇಲೂ ಹದಿನೆಂಟರ ಹರೆಯದ ದಟ್ಟಣೆ ಬರುವುದಿಲ್ಲ.

ಆದ್ದರಿಂದ ತುಂಬಾ ಉದ್ದ ಬಿಟ್ಟರೆ ಕೂದಲು ತನ್ನ ಭಾರಕ್ಕೆ ಎಳೆ ಎಳೆಯಾಗಿ ಬೇರ್ಪಟ್ಟು ನೆತ್ತಿ ಇಣುಕುತ್ತದೆ. ಜೆಲ್ ಹಚ್ಚಿ ಹಿಂದಕ್ಕೆ ಬಾಚಿದರೂ ಅದೇ ಕಥೆ. ಹಿಂಭಾಗವನ್ನು ಜೀರೋ ಮೆಷಿನ್‌ನಲ್ಲಿ ತೆಗೆದರೆ ಬೇರು ಕಿತ್ತ ಚುಕ್ಕೆಗಳು ಕಾಣಬಹುದು. ಚರ್ಮದ ಪಟ್ಟಿಯನ್ನೇ ತೆಗೆದು ಕಸಿ ಮಾಡಿದ್ದರೆ ಅಲ್ಲಿ ಗೆರೆಯಂಥ ಕಲೆ ಇರುತ್ತದೆ, ಅದು ಮುಚ್ಚುವಷ್ಟು ಕೂದಲು ಬೇಕು. ಒಪ್ಪುವುದು ಮಧ್ಯದ ಅಳತೆ: ಮುಂದೆ ಒಂದೂವರೆ ಎರಡು ಇಂಚು, ಪಕ್ಕದಲ್ಲಿ ಅದಕ್ಕಿಂತ ಗಿಡ್ಡ, ಒಣಗಿದ ಮೇಲೆ ಬೆರಳಲ್ಲೇ ಸರಿಪಡಿಸುವಂತೆ. ಅತಿಯೂ ಬೇಡ, ಶೂನ್ಯವೂ ಬೇಡ. ಮಧ್ಯಮ ಮಾರ್ಗ ಕತ್ತರಿಗೂ ಒಗ್ಗುತ್ತದೆ.

*ಮೂರನೆಯದು ಮುಖ್ಯ ಮಾತು.* ನಮ್ಮ ಕ್ಷೌರಿಕರು ನನ್ನ ಮುಂದೆ ಎರಡು ದಾರಿ ಇಟ್ಟರು. ಮುಂದೆ ಉದ್ದ ಬಿಟ್ಟು, ಪಫ್ ಎತ್ತಿ, ಸ್ಪ್ರೇ ಹೊಡೆದರೆ ಯಾರಿಗೂ ಗೊತ್ತಾಗದು. ಗಿಡ್ಡ ಮಾಡಿದರೆ ಹಣೆಯ ಮೂಲೆ ತೆಳುವಾಗಿ ಕಾಣುತ್ತದೆ, ಆದರೆ ಮುಖಕ್ಕೆ ಒಪ್ಪುತ್ತದೆ. ಮೊದಲನೆಯದಕ್ಕೆ ಕಾವಲು ಬೇಕು. ಕೆಂಗೇರಿ ಕಡೆಯ ಮೆಟ್ರೋ ಬಂದಾಗಿನ ಗಾಳಿಗೆ ಕೈ ತಲೆಗೆ ಹೋಗಬೇಕು. ಮಳೆಗೆ ಹೆದರಬೇಕು. ಯಾರಾದರೂ ಕೇಳಿದರೆ ಸುಳ್ಳು ಹೇಳಬೇಕು, ಆಗ ನಾಲ್ಕನೆಯ ಶೀಲವೂ ಮುರಿಯಿತು. ನಾನು ಎರಡನೆಯದನ್ನು ಆರಿಸಿದೆ. ಬೆಳಿಗ್ಗೆ ಬೆರಳಾಡಿಸಿದರೆ ಸಾಯಂಕಾಲದವರೆಗೆ ತಲೆಯ ನೆನಪೇ ಬರುವುದಿಲ್ಲ. ಕೇಳಿದವರಿಗೆ "ಕಸಿ ಮಾಡಿಸಿದ್ದು" ಎನ್ನುತ್ತೇನೆ.

ಇದೇ ನನ್ನ ಉತ್ತರ. ಯಾವ ಅಂದವನ್ನು ದಿನವಿಡೀ ಕಾಯಬೇಕೋ ಅದು ತೃಷ್ಣೆ. ಯಾವ ಅಂದವನ್ನು ಮರೆತು ಕೆಲಸಕ್ಕೆ ಹೊರಡಬಹುದೋ ಅದು ಸ್ವಾಭಿಮಾನ. ನಮ್ಮ ಮನೆಗಳ ಗೋಡೆಯ ಮೇಲಿರುವ ಬಾಬಾಸಾಹೇಬರ ಚಿತ್ರ ನೋಡಿ. ಸೂಟು ಅಚ್ಚುಕಟ್ಟು, ಟೈ ನೇರ, ಅಗಲವಾದ ಹಣೆ ಪೂರ್ತಿ ತೆರೆದಿದೆ. ಉಡುಗೆಯಲ್ಲಿ ಘನತೆ ಇದೆ, ಮರೆಮಾಚುವ ಅಳುಕಿಲ್ಲ.

ಕೊನೆಗೆ, ಕತ್ತರಿ ಹಿಡಿದವರ ಮಾತು. ಉಪಾಲಿ ಶಾಕ್ಯರ ಕ್ಷೌರಿಕ. ಅವನೊಂದಿಗೆ ಬಂದ ಶಾಕ್ಯ ಕುಮಾರರು, ನಮ್ಮ ಕುಲದ ಅಹಂಕಾರ ಇಳಿಯಲಿ, ಮೊದಲು ಇವನಿಗೆ ದೀಕ್ಷೆ ಕೊಡಿ ಎಂದು ಭಗವಾನರನ್ನು ಕೇಳಿಕೊಂಡರು. ಮುಂದೆ ವಿನಯದಲ್ಲಿ ಅಗ್ರನೆನಿಸಿಕೊಂಡವನು ಅವನೇ. ಬಾಬಾಸಾಹೇಬರೂ "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಉಪಾಲಿಯ ಕಥೆ ಹೇಳಿದ್ದಾರೆ. ಕನ್ನಡಿಯಲ್ಲಿ ನಮ್ಮ ಮುಖವನ್ನಷ್ಟೇ ನೋಡಿ ಎದ್ದು ಬಂದರೆ, ಹಿಂದೆ ನಿಂತು ದುಡಿದವರ ಮುಖ ಕಾಣದೆ ಹೋದರೆ, ಆ ಅಂದ ಅರ್ಧವೇ.

*ಇಂದಿನ ಅಭ್ಯಾಸ:* ಕನ್ನಡಿ ಮುಂದೆ ಒಂದು ಕ್ಷಣ ಕೇಳಿಕೊಳ್ಳೋಣ. ಇದನ್ನು ನಾನು ಗೌರವಕ್ಕೆ ಮಾಡುತ್ತಿದ್ದೇನೋ, ಭಯಕ್ಕೋ?

ಸಾಧು, ಸಾಧು, ಸಾಧು. ಜೈ ಭೀಮ್ 🙏