ಯಂತ್ರ ಅಳಿದ ಮೇಲೆ

ನಾವು ಕಳಿಸಿದ ಇಮೇಲ್ ಸರ್ವರ್‌ನಿಂದ ಸರ್ವರ್‌ಗೆ ಸಾಗುವಾಗ, ಅದರ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ ಎರಡು ಸಂಜ್ಞೆಗಳಿರುತ್ತವೆ. ಆಸ್ಕಿ ಸಂಕೇತದಲ್ಲಿ 13 ಎಂಬುದು ಕ್ಯಾರೇಜ್ ರಿಟರ್ನ್, 10 ಎಂಬುದು ಲೈನ್ ಫೀಡ್. ಅಚ್ಚಿನ ತಲೆ ಎಡದಂಚಿಗೆ ಮರಳಲಿ ಎನ್ನುತ್ತದೆ ಮೊದಲನೆಯದು. ಕಾಗದ ಒಂದು ಸಾಲು ಸರಿಯಲಿ ಎನ್ನುತ್ತದೆ ಎರಡನೆಯದು. ಮರಳಬೇಕಾದ ತಲೆ ಇಂದಿಲ್ಲ, ಸರಿಯಬೇಕಾದ ಕಾಗದವೂ ಇಲ್ಲ. ಆಜ್ಞೆ ಮಾತ್ರ ಉಳಿದಿದೆ.

ಈ ಆಜ್ಞೆಗಳನ್ನು ಪಾಲಿಸುತ್ತಿದ್ದ, 1963ರಲ್ಲಿ ಬಂದ ಮಾಡೆಲ್ 33 ಟೆಲಿಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರ ಅಚ್ಚೊತ್ತುತ್ತಿತ್ತು. ಉದ್ದ ಸಾಲಿನ ಕೊನೆಯಿಂದ ಎಡದಂಚಿಗೆ ಬರಲು ಅದರ ತಲೆಗೆ ಒಂದಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಮೊದಲು ಮರಳುವುದು, ಆಮೇಲೆ ಸರಿಯುವುದು ಎಂಬ ಕ್ರಮದಿಂದ ಆ ಲೋಹಕ್ಕೆ ಒಂದಿಷ್ಟು ಬಿಡುವು ದೊರೆಯುತ್ತಿತ್ತು. ಯಂತ್ರ ಮ್ಯೂಸಿಯಂ ಸೇರಿತು; ಬಿಡುವು ನಿಯಮವಾಯಿತು. ಬಾವಿ ಬತ್ತಿ ಮುಚ್ಚಿಹೋದ ಮೇಲೂ ಊರ ದಾರಿ ಅದನ್ನು ಬಳಸಿಯೇ ಸಾಗುವ ಹಾಗೆ.

ಕಂಪ್ಯೂಟರುಗಳ ಲೋಕ ಈ ಜೋಡಿಯನ್ನು ಒಂದೇ ಬಗೆಯಲ್ಲಿ ಕಾಯಲಿಲ್ಲ. ಯುನಿಕ್ಸ್ ಲೈನ್ ಫೀಡ್ ಒಂದನ್ನೇ ಇಟ್ಟುಕೊಂಡಿತು. ಹಳೆಯ ಮ್ಯಾಕಿಂಟಾಷ್ ಕ್ಯಾರೇಜ್ ರಿಟರ್ನ್ ಒಂದನ್ನೇ ನೆಚ್ಚಿತು. ಡಾಸ್ ಎರಡನ್ನೂ ಉಳಿಸಿಕೊಂಡಿತು. ಮನೆಯೊಳಗೆ ಅವರವರ ರೂಢಿ ಸರಿಯೇ. ಆದರೆ ಅಪರಿಚಿತರಿಬ್ಬರು ಮಾತಾಡಬೇಕಾದಾಗ ಸಾಲು ಮುಗಿಯಿತೆಂದು ಇಬ್ಬರಿಗೂ ಒಟ್ಟಿಗೆ ತಿಳಿಯಬೇಕು. 1982ರಲ್ಲಿ ಜಾನ್ ಪೋಸ್ಟೆಲ್ ಇಮೇಲ್ ಸಾಗಣೆಯ ನಿಯಮ ಬರೆದಾಗ ಆ ಜೋಡಿಯೇ ಸಾಲಿನ ಕೊನೆಯಾಯಿತು.

ಹಾಗಾದರೆ ಮನುಷ್ಯ ಉಳಿಸಿಕೊಳ್ಳುವುದು ಏನನ್ನು? ಶ್ರೇಷ್ಠವಾದದ್ದನ್ನು ಎಂದು ನಂಬಲು ನಮಗೆ ಇಷ್ಟ. ಆದರೆ ಈ ಜೋಡಿಯಲ್ಲಿ ಯಾವ ಶ್ರೇಷ್ಠತೆಯಿದೆ? ಒಂದೇ ಸಂಜ್ಞೆ ಸಾಕಾಗಿತ್ತು. ಅದರ ಬೆಲೆ ಅದರೊಳಗಿಲ್ಲ, ಅದನ್ನು ಒಪ್ಪಿದ ಇಬ್ಬರ ನಡುವೆ ಇದೆ. ಕಾರಣ ಸತ್ತರೂ ಒಪ್ಪಂದ ಬದುಕುತ್ತದೆ. ಒಪ್ಪಂದ ಸತ್ತರೆ ಕಾರಣವಿದ್ದೂ ಪ್ರಯೋಜನವಿಲ್ಲ.

ಕಳಿಸುವಾಗ ಕಟ್ಟುನಿಟ್ಟಾಗಿರು, ಸ್ವೀಕರಿಸುವಾಗ ಉದಾರವಾಗಿರು ಎಂಬುದು ಪೋಸ್ಟೆಲ್ ನೆಟ್‌ವರ್ಕಿಗೆ ಕೊಟ್ಟ ನೀತಿ. ಅದರ ನೆರಳಲ್ಲಿ ಅನೇಕ ಸರ್ವರ್‌ಗಳು ಒಂಟಿ ಲೈನ್ ಫೀಡನ್ನೂ ಸಾಲಿನ ಕೊನೆಯೆಂದು ಮನ್ನಿಸಿದವು. ಇಮೇಲ್ ಮುಗಿಯುವುದು ಒಂದೇ ಚುಕ್ಕೆಯಿರುವ ಸಾಲಿನಿಂದ. 2023ರ ಡಿಸೆಂಬರಿನಲ್ಲಿ ಸಂಶೋಧಕರು ಇಲ್ಲೊಂದು ಬಿರುಕು ತೋರಿಸಿದರು: ಆ ಚುಕ್ಕೆಯ ಸುತ್ತಲ ಸಂಜ್ಞೆಗಳನ್ನು ಬದಲಿಸಿದರೆ, ಒಂದು ಸರ್ವರ್‌ಗೆ ಪತ್ರ ಮುಂದುವರಿದಂತೆ, ಮತ್ತೊಂದಕ್ಕೆ ಮುಗಿದಂತೆ ಕಾಣುತ್ತದೆ. ಆ ಸಂದಿನಲ್ಲಿ ಬೇರೊಬ್ಬರ ಹೆಸರಿನ ಸುಳ್ಳು ಪತ್ರ ನುಸುಳಬಹುದು. ದಶಕಗಳ ಕಾಲ ನೆಟ್‌ವರ್ಕನ್ನು ಬೆಸೆದ ಔದಾರ್ಯವೇ ಬಾಗಿಲು ತೆರೆದಿಟ್ಟಿತ್ತು. ವಸ್ತುಗಳಿಗೆ ಮಾತ್ರವಲ್ಲ, ಸದ್ಗುಣಗಳಿಗೂ ಕಾಲವಿದೆ.

ವೆಬ್ ಪುಟಗಳನ್ನು ಸಾಗಿಸುವ 2015ರ ನಿಯಮ ಎಚ್‌ಟಿಟಿಪಿ/2 ಸಾಲುಗಳ ಗೊಡವೆಯನ್ನೇ ಬಿಟ್ಟು, ಪ್ರತಿ ತುಣುಕಿನ ಉದ್ದವನ್ನು ಮೊದಲೇ ಹೇಳಿ ಕಳಿಸುತ್ತದೆ. ಮುಂದೊಂದು ದಿನ ಇಮೇಲ್ ಕೂಡ ಈ ಜೋಡಿಯನ್ನು ಬಿಡಬಹುದು. ಅದಕ್ಕೆ ಮರುಗಬೇಕಿಲ್ಲ, ಯಾವುದೂ ಉಳಿಯಲೆಂದೇ ಹುಟ್ಟಿದ್ದಲ್ಲ. ಹಾನಿಯಾದದ್ದು ಹಳೆಯದನ್ನು ಹಿಡಿದುಕೊಂಡದ್ದರಿಂದಲ್ಲ, ಹೊಸದಕ್ಕೆ ಹೊರಟದ್ದರಿಂದಲೂ ಅಲ್ಲ; ಒಬ್ಬರು ಸಡಿಲಿಸಿದ್ದು ಇನ್ನೊಬ್ಬರಿಗೆ ತಿಳಿಯದೆ ಹೋದದ್ದರಿಂದ. ಇರುವಷ್ಟು ದಿನ ಮಾತನ್ನು ನಿಖರವಾಗಿ ನಡೆಸುವುದು, ಬಿಡುವ ದಿನ ಕೂಡಿಯೇ ಬಿಡುವುದು: ಅನಿತ್ಯದ ನಡುವೆ ಮನುಷ್ಯರ ಕೈಲಾಗುವ ನಿಷ್ಠೆ ಇಷ್ಟೇ, ಮತ್ತು ಇದು ಸಣ್ಣದಲ್ಲ.